ಅಘನಾಶಿನಿಗೆ ಹಾಯಿದೋಣಿಯಲ್ಲಿ

ಬೆಂಗಳೂರಿನಿಂದ ಕಾರವಾರದ ಕಡೆಗೆ ಹೋಗುವ ರಾತ್ರಿ ರೈಲು ಹಿಡಿದು, ಗೋಕರ್ಣದ ಬಳಿಯ ತದಡಿಯನ್ನು ತಲುಪಿದೆವು. ಅಘನಾಶಿನಿ ನದಿಯ ಆಚೆ ದಡದಲ್ಲೇ ಅದೇ ಹೆಸರಿನ ಗ್ರಾಮ ಕಾಣುತ್ತದೆಯಾದರೂ, ರಸ್ತೆಯಲ್ಲಿ ಹೋಗುವವರು ಮಿರ್ಜಾನದ ಕಡೆಯಿಂದ ಸುತ್ತಿ ಬರಬೇಕು. ಯಂತ್ರದ ದೋಣಿಗಳಿದ್ದರೂ ಪರಿಚಿತರೊಬ್ಬರ ಸಣ್ಣ ಹಾಯಿದೋಣಿಯನ್ನೇ ನಾವು ಆರಿಸಿಕೊಂಡೆವು.

ಬಿಸಿಲೇರಿದಂತೆ ನೆಲವು ನೀರಿಗಿಂತ ಬೇಗ ಕಾಯುವುದರಿಂದ, ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಪಶ್ಚಿಮದಿಂದ ಬೀಸತೊಡಗುತ್ತದೆ. ಗಾಳಿಗೆ ನೇರ ಎದುರಾಗಿ ಹಾಯಿದೋಣಿ ಸಾಗಲಾರದು. ನದಿ ಕಡಲನ್ನು ಸೇರುವ ಅಳಿವೆಯನ್ನು ಸಮೀಪದಿಂದ ನೋಡುವ ಆಸೆಗೆ ನಾವು ಪಡುವಣಕ್ಕೆ ಹೊರಟಾಗ, ಚುಕ್ಕಾಣಿ ಹಿಡಿದವರು ದೋಣಿಯನ್ನು ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಓರೆಯಾಗಿ ನಡೆಸಿದರು. ಪ್ರತಿ ತಿರುವಿನಲ್ಲೂ ಹಾಯಿ ಪಟಪಟನೆ ಬಡಿದುಕೊಂಡು ಮಗ್ಗುಲು ಬದಲಿಸುವಾಗ ನಾವೆಲ್ಲ ತಲೆ ತಗ್ಗಿಸಬೇಕಿತ್ತು. ಇಳಿತದ ನೀರು ಅಲೆಗಳಿಗೆ ಎದುರಾಗುವ ಅಳಿವೆಯ ಬಾಯಿಗೆ ಅವರು ದೋಣಿಯನ್ನು ಒಯ್ಯಲಿಲ್ಲ. ಅದು ಸರಿಯಾದ ತೀರ್ಮಾನವೇ.

ಇಳಿತದಲ್ಲಿ ಹೊರಬಿದ್ದ ಮರಳದಿಬ್ಬಗಳ ಸುತ್ತ ಮಹಿಳೆಯರು ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಕಾಲಿನಿಂದಲೇ ತಡಕಿ ಬಳಚು ಎಂಬ ತಿನ್ನುವ ಚಿಪ್ಪುಜೀವಿಯನ್ನು ಹೆಕ್ಕುತ್ತಿದ್ದರು. ಶಿರಸಿಯಲ್ಲಿ ಹುಟ್ಟಿ ಎಲ್ಲಿಯೂ ಅಣೆಕಟ್ಟಿಲ್ಲದೆ ಹರಿದುಬರುವ ಈ ನದಿಯ ಸಿಹಿನೀರು ಉಪ್ಪುನೀರಿನೊಡನೆ ಬೆರೆಯುವ ಕಡೆಯಲ್ಲಿಯೇ ಬಳಚು ಸಮೃದ್ಧವಾಗಿ ಬೆಳೆಯುತ್ತದೆ. ಹಿನ್ನೀರಿನ ಗಜನಿ ಎಂಬ ಉಪ್ಪುನೀರಿನ ತಗ್ಗು ಗದ್ದೆಗಳಲ್ಲಿ ಉಪ್ಪನ್ನು ತಡೆದುಕೊಳ್ಳುವ ಕಗ್ಗ ಭತ್ತವನ್ನು ಬೆಳೆಯುತ್ತಾರೆ. ನನ್ನ ಮಟ್ಟಿಗೆ ಗೋಕರ್ಣದ ಜನಜಂಗುಳಿಯ ಕಡಲತೀರಗಳಿಗಿಂತ ಈ ಕೆಸರು ದಂಡೆಯೇ ಹೆಚ್ಚು ನೋಡತಕ್ಕದ್ದು. ಹೋಗುವವರು ಉಬ್ಬರ ಇಳಿತಗಳ ಸಮಯವನ್ನು ಸ್ಥಳೀಯ ಮೀನುಗಾರರಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಮಳೆಗಾಲದಲ್ಲಂತೂ ಹಾಯಿಯ ಯೋಚನೆಯೇ ಬೇಡ.