ಯಾವ ಕೆಮ್ಮು ಅಂತ ಮೊದಲು ಕೇಳಿಸಿಕೊಳ್ಳಿ

ಪುನರ್ವಸು ಮಳೆ ಹಿಡಿದು ಇವತ್ತಿಗೆ ಎಂಟು ದಿನ. ತೀರ್ಥಹಳ್ಳಿ ಕಡೆ ಬಟ್ಟೆ ಒಣಗುತ್ತಿಲ್ಲ, ಕಟ್ಟಿಗೆ ಒಣಗುತ್ತಿಲ್ಲ, ನಮ್ಮ ಮನೆಯಲ್ಲಿ ಮೂರು ಜನರ ಗಂಟಲು ಕೆಟ್ಟಿದೆ. ಮಗ ಒಂದನೇ ಕ್ಲಾಸು. ಶಾಲೆಯಿಂದ ನೆಗಡಿ ಹೊತ್ತುಕೊಂಡು ಬಂದ, ಅವನಿಂದ ನನಗೆ, ನನ್ನಿಂದ ಅತ್ತೆಗೆ. ಹಗಲೆಲ್ಲ ಆಡಿಕೊಂಡೇ ಇರುತ್ತಾನೆ, ರಾತ್ರಿ ಮಲಗಿ ಅರ್ಧ ಗಂಟೆ ಆಗುವಷ್ಟರಲ್ಲಿ ಕೆಮ್ಮು ಶುರು.

ಮೊನ್ನೆ ಬೆಂಗಳೂರಿನ ಗೆಳತಿ ಫೋನ್ ಮಾಡಿದಾಗ ಹಿಂದೆ ಇವನ ಕೆಮ್ಮು ಕೇಳಿಸಿತು. ಅವಳ ಮಗಳಿಗೂ ಅದೇ ಪಾಡು. "ನಿಮ್ಮ ಮಲೆನಾಡಲ್ಲಿ ಕೆಮ್ಮಿಗೆ ಎಂತ ಮದ್ದು ಮಾಡ್ತೀರೇ, ಹೇಳು" ಅಂದಳು. ಯಾವ ಕೆಮ್ಮು ಅಂತ ಕೇಳಿದೆ. "ಕೆಮ್ಮು ಅಂದ್ರೆ ಕೆಮ್ಮು, ಅದರಲ್ಲಿ ಯಾವುದು ಅಂದ್ರೆ?" ಅಂದಳು. ಅವಳಿಗೆ ಫೋನಿನಲ್ಲಿ ಹೇಳಿ ಮುಗಿಸೋಕೆ ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಅಜ್ಜಿ ಮದ್ದಿನ ಸೊಪ್ಪಿಗೆ ಹಿತ್ತಿಲಿಗೆ ಹೋಗುವ ಮೊದಲು ನಮ್ಮನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದರು. ಬೆನ್ನ ಮೇಲೆ ಅಂಗೈ ಅಗಲಿಸಿ ಇಟ್ಟು "ಎಲ್ಲಿ, ಇನ್ನೊಂದ್ಸಲ ಕೆಮ್ಮು" ಅನ್ನುತ್ತಿದ್ದರು. ಒಣ ಕೆಮ್ಮೋ, ಒಳಗೆ ಕಫ ಗೊರಗೊರ ಅನ್ನುತ್ತಿದೆಯೋ ಅಂತ ಅವರ ಅಂಗೈಗೇ ಗೊತ್ತಾಗುತ್ತಿತ್ತು. ಆಮೇಲೆ ಅಂಗಿ ಎತ್ತಿ ಪಕ್ಕೆ ನೋಡುತ್ತಿದ್ದರು. ಉಸಿರು ಎಳೆದುಕೊಳ್ಳುವಾಗ ಪಕ್ಕೆ ಒಳಕ್ಕೆ ಹೋದರೆ ಕಷಾಯದ ಮಾತೇ ಇಲ್ಲ, "ಪೇಟೆಗೆ ಕರ್ಕೊಂಡು ಹೋಗಿ, ಈಗ್ಲೇ" ಅಷ್ಟೇ. ನಾವು ಅವರ ಮದ್ದುಗಳನ್ನಷ್ಟೇ ನೆನಪಿಟ್ಟುಕೊಂಡೆವು, ಈ ನೋಡುವುದನ್ನು ಮರೆತೆವು. ನನಗೆ ಅದೇ ದೊಡ್ಡ ವಿಷಯ ಅನ್ನಿಸುತ್ತದೆ.

ಒಣ ಕೆಮ್ಮು ಅಂದರೆ ಗಂಟಲು ಕೆರೆತ. ಕಫ ಇರುವುದಿಲ್ಲ, ಕೆಮ್ಮಿ ಕೆಮ್ಮಿ ಹೊಟ್ಟೆ ನೋಯುತ್ತದೆ, ರಾತ್ರಿ ಮಲಗಿದ ಮೇಲಂತೂ ಮೂಗಿನ ಸಿಂಬಳ ಹಿಂದಿನಿಂದ ಗಂಟಲಿಗೆ ಇಳಿದು ಇನ್ನೂ ಜಾಸ್ತಿ. ಇದಕ್ಕೆ ಜೇನಿಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಮಲಗುವ ಮುಂಚೆ ಒಂದು ಚಮಚ ತುಡುವೆ ಜೇನು, ನೀರು ಬೆರೆಸದೆ ಹಾಗೇ ನೆಕ್ಕಿಸುವುದು. ಅದು ಗಂಟಲಿಗೆ ಅಂಟಿಕೊಂಡು ಕೆರೆತ ತಗ್ಗಿಸುತ್ತದೆ. ಇದು ಬರೀ ಅಜ್ಜಿಯರ ಮಾತಲ್ಲ, ಇಂಗ್ಲೆಂಡಿನ ಆರೋಗ್ಯ ಇಲಾಖೆಯವರು ವೈದ್ಯರಿಗೆ ಕೊಡುವ ಮಾರ್ಗಸೂಚಿಯಲ್ಲೂ 2019ರಿಂದ ಸಾಮಾನ್ಯ ಕೆಮ್ಮಿಗೆ ಜೇನು ಪ್ರಯತ್ನಿಸಬಹುದು ಅಂತ ಇದೆ. ಆದರೆ ಒಂದು ವರ್ಷ ತುಂಬದ ಮಗುವಿಗೆ ಜೇನು ಬೇಡವೇ ಬೇಡ, ಬೆರಳ ತುದಿಯಲ್ಲಿ ನೆಕ್ಕಿಸುವುದೂ ಬೇಡ. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಕಗಳು ಎಳೆ ಮಗುವಿನ ಕರುಳಲ್ಲಿ ಬೆಳೆದು ವಿಷ ಮಾಡುತ್ತವೆ, ಮಗು ಸೋತು ಹೋಗುತ್ತದೆ. ಹುಟ್ಟಿದ ಮಗುವಿಗೆ ಜೇನು ನೆಕ್ಕಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ದಯವಿಟ್ಟು ಬಿಡಿ.

ಕಫದ ಕೆಮ್ಮಿಗೆ ನಮ್ಮ ಮನೆಯಲ್ಲಿ ದೊಡ್ಡಪತ್ರೆ. ಬಾವಿಕಟ್ಟೆ ಪಕ್ಕ ಒಂದು ಕಡ್ಡಿ ಚುಚ್ಚಿದರೆ ಸಾಕು, ಮಳೆ ಮುಗಿಯುವಷ್ಟರಲ್ಲಿ ಮಡಿ ತುಂಬಿರುತ್ತದೆ. ಎಲೆ ದಪ್ಪ, ಮೇಲೆಲ್ಲ ಸಣ್ಣ ರೋಮ, ಹಿಸುಕಿದರೆ ಓಮಕಾಳಿನ ವಾಸನೆ. ಮಳೆಗಾಲದಲ್ಲಿ ಎಲೆಗೆ ಮಣ್ಣು ಸಿಡಿದಿರುತ್ತದೆ, ಎರಡು ಸಲ ತೊಳೆಯಿರಿ. ಕಾದ ಕಾವಲಿಯ ಮೇಲೆ ಎಣ್ಣೆ ಹಾಕದೆ ಎಲೆ ಇಡಬೇಕು. ಸ್ವಲ್ಪ ಹೊತ್ತಿಗೆ ಅದು ಚುಂಯ್ ಅಂತ ಬೆವರುತ್ತದೆ, ಹಸಿರು ಬಣ್ಣ ಇಳಿದು ಮಂಕಾಗುತ್ತದೆ, ಅಂಚು ಮುದುಡುತ್ತದೆ. ಆಗ ತಿರುವಿ ಹಾಕಿ, ಕೈಸುಡದ ಹಾಗೆ ಆರಲು ಬಿಟ್ಟು, ಅಂಗೈಯಲ್ಲಿ ಮುದ್ದೆ ಮಾಡಿ ಹಿಂಡಿ. ಹಸಿ ಎಲೆ ಹಿಂಡಿದರೆ ರಸ ಬರುವುದಿಲ್ಲ, ಬಾಡಿಸಿದರೆ ಎರಡು ಎಲೆಗೆ ಅರ್ಧ ಚಮಚ ಬರುತ್ತದೆ. ಅಷ್ಟಕ್ಕೆ ಅಷ್ಟೇ ಜೇನು ಸೇರಿಸಿ ಮಗನಿಗೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕೊಡುತ್ತೇನೆ. ಮುಖ ಹಿಂಡುತ್ತಾನೆ, ಆದರೂ ನುಂಗುತ್ತಾನೆ. ಕೈಗೆ ಹತ್ತಿದ ಆ ವಾಸನೆ ರಾತ್ರಿ ತನಕ ಹೋಗುವುದಿಲ್ಲ, ನನಗಂತೂ ಅದರಲ್ಲಿ ಅಜ್ಜಿಯ ಸೆರಗಿನ ವಾಸನೆ ಬರುತ್ತದೆ.

ದೊಡ್ಡವರಿಗೆ ಕಷಾಯ. ಒಂದೊಂದು ಮನೆಯಲ್ಲಿ ಒಂದೊಂದು ಲೆಕ್ಕ. ನಮ್ಮದು ಒಂದು ಲೋಟ ಕೊತ್ತಂಬರಿ ಬೀಜಕ್ಕೆ ಅರ್ಧ ಲೋಟ ಜೀರಿಗೆ, ಎರಡು ಚಮಚ ಕಾಳುಮೆಣಸು, ಒಂದು ಚಮಚ ಮೆಂತ್ಯ, ನಾಲ್ಕು ಏಲಕ್ಕಿ, ಎರಡು ತುಂಡು ಒಣಶುಂಠಿ, ಎಲ್ಲ ಬೆಚ್ಚಗೆ ಹುರಿದು ಪುಡಿ. ಕೆಮ್ಮಿದ್ದಾಗ ಈ ಪುಡಿಯಲ್ಲಿ ಸ್ವಲ್ಪ ತೆಗೆದು, ಅದಕ್ಕೆ ನಾಲ್ಕು ತುಳಸಿ ಎಲೆ, ಜಜ್ಜಿದ ಹಸಿಶುಂಠಿ, ಜೋನಿ ಬೆಲ್ಲ. ಎರಡು ಲೋಟ ನೀರು ಒಂದೂವರೆ ಲೋಟಕ್ಕೆ ಇಳಿಯುವ ತನಕ ಕುದಿಸಿ, ಬಿಸಿ ಇರುವಾಗಲೇ ಕುಡಿಯುವುದು. ಜ್ಯೇಷ್ಠಮಧು ಹಾಕಿದರೆ ಗಂಟಲಿಗೆ ಹಿತ, ಆದರೆ ಅದು ಬಿಪಿ ಏರಿಸುತ್ತದೆ. ಅತ್ತೆಗೆ ಬಿಪಿ ಇದೆ, ಅವರ ಲೋಟಕ್ಕೆ ನಾನು ಹಾಕುವುದಿಲ್ಲ. ರಾತ್ರಿ ಊಟಕ್ಕೆ ಕುಚ್ಚಲಕ್ಕಿ ಗಂಜಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿದ ಮೆಣಸಿನ ಸಾರು. ಬಿಸಿ ಬಿಸಿ ಏನು ಕುಡಿದರೂ ಕಫ ಸಡಿಲ ಆಗುತ್ತದೆ, ಅರ್ಧ ಗುಣ ಅದರಲ್ಲೇ ಇದೆ.

ಆಡುಸೋಗೆ ಬಗ್ಗೆ ಒಂದು ಮಾತು ಹೇಳಲೇಬೇಕು. ದನ, ಆಡು ಬಾಯಿ ಹಾಕುವುದಿಲ್ಲ ಅಂತ ನಮ್ಮ ಕಡೆ ಅದನ್ನು ಬೇಲಿಗೆ ನೆಡುತ್ತಾರೆ, ಕಹಿ ಅಂದರೆ ಕಹಿ. ಆ ಎಲೆಯಲ್ಲಿ ವಾಸಿಸಿನ್ ಎಂಬ ಅಂಶ ಇದೆ. ಅದರ ಜಾಡು ಹಿಡಿದೇ ಬ್ರೋಮ್‌ಹೆಕ್ಸಿನ್ ಅನ್ನುವ ಕಫ ಕರಗಿಸುವ ಔಷಧಿ ಮಾಡಿದ್ದು, ಇವತ್ತು ಸಿರಪ್ಪುಗಳಲ್ಲಿ ಬರುವ ಆಂಬ್ರಾಕ್ಸಾಲ್ ಕೂಡ ಅದೇ ವಂಶದ್ದು. ಅಂದರೆ ಬೇಲಿ ಸೊಪ್ಪು ಅಂತ ಸಸಾರ ಮಾಡುವ ಹಾಗಿಲ್ಲ, ಅದು ನಿಜವಾದ ಮದ್ದು. ನಿಜವಾದ ಮದ್ದಿಗೆ ನಿಜವಾದ ಅಪಾಯವೂ ಇರುತ್ತದೆ ಅಲ್ವಾ? ಇದು ಗರ್ಭಕೋಶವನ್ನು ಸಂಕುಚಿತ ಮಾಡುತ್ತದೆ, ಬಸುರಿಯರು ಮುಟ್ಟಬಾರದು. ಮಕ್ಕಳಿಗೂ ನಾನು ಕೊಡುವುದಿಲ್ಲ.

ಹಬೆ ತೆಗೆದುಕೊಳ್ಳುವುದು ದೊಡ್ಡವರಿಗೆ ಸರಿ, ಮೂಗು ಬಿಟ್ಟುಕೊಂಡು ಹಗುರ ಅನ್ನಿಸುತ್ತದೆ. ಮಕ್ಕಳನ್ನು ಕುದಿಯುವ ಪಾತ್ರೆ ಮುಂದೆ ಕಂಬಳಿ ಹೊದೆಸಿ ಕೂರಿಸಬೇಡಿ, ಒಂದು ಸಲ ಕೈ ತಾಗಿ ಪಾತ್ರೆ ಉರುಳಿದರೆ ತೊಡೆಯೆಲ್ಲ ಸುಟ್ಟುಹೋಗುತ್ತದೆ. ನಮ್ಮಲ್ಲಿ ಬಚ್ಚಲ ಹಂಡೆ ಕಾಯುತ್ತಲೇ ಇರುತ್ತದೆ, ಬಾಗಿಲು ಹಾಕಿ ಬಿಸಿನೀರು ಸುರಿದರೆ ಇಡೀ ಬಚ್ಚಲೇ ಹಬೆ. ಮಗನನ್ನು ಮಡಿಲಲ್ಲಿ ಕೂರಿಸಿಕೊಂಡು ಹತ್ತು ನಿಮಿಷ ಅಲ್ಲೇ ಇರುತ್ತೇನೆ. ಕರ್ಪೂರ ಬೇಡ, ಅದು ಮಕ್ಕಳ ಹೊಟ್ಟೆಗೆ ಸ್ವಲ್ಪ ಹೋದರೂ ಫಿಟ್ಸ್ ಬರಬಹುದು. ಎಳೆ ಮಗುವಿನ ಮೂಗಿಗೆ ಎಣ್ಣೆ ಬಿಡುವುದೂ ಬೇಡ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಹಾಗಂತ ಅಂಗಡಿಯಿಂದ ಯಾವುದೋ ಸಿರಪ್ ತಂದು ಕುಡಿಸುವುದು ಸುಲಭ ಅಂದುಕೊಳ್ಳಬೇಡಿ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದ ಪುಟ್ಟ ಮಕ್ಕಳು ಕಿಡ್ನಿ ಕೆಟ್ಟು ತೀರಿಕೊಂಡರು. ಅದರಲ್ಲಿ ಡೈಎಥಿಲಿನ್ ಗ್ಲೈಕಾಲ್ ಎಂಬ ವಿಷ ಇತ್ತು. ಆಗ ಕೇಂದ್ರ ಸರ್ಕಾರವೇ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿ ಸಿರಪ್ ಕೊಡಬೇಡಿ, ಐದರೊಳಗಿನವರಿಗೂ ಸಾಮಾನ್ಯವಾಗಿ ಬೇಡ ಅಂತ ಸೂಚನೆ ಕೊಟ್ಟಿತು. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನಾವು ಒಂದು ತಪ್ಪು ಮಾಡಿದೆವು. ನಾಲ್ಕು ವರ್ಷದ ಹಿಂದೆ ಅಡಿಕೆ ಕೊಯ್ಲಿನ ಹೊತ್ತಿಗೆ ಅಪ್ಪಯ್ಯನಿಗೆ ಕೆಮ್ಮು ಹಿಡಿಯಿತು. ಹಂಡೆ ಹೊಗೆ, ಅಡಿಕೆ ಧೂಳು, ಪ್ರತಿ ವರ್ಷದ್ದು ಇದು ಅಂದುಕೊಂಡೆವು. ಅಮ್ಮ ದಿನಾ ಆಡುಸೋಗೆ ಕಷಾಯ ಕೊಟ್ಟರು, ನಾನು ಫೋನಿನಲ್ಲಿ ಹಿಪ್ಪಲಿ ಹಾಕಿ, ಮೆಣಸು ಜಾಸ್ತಿ ಮಾಡಿ ಅಂತ ಹೇಳುತ್ತಾ ಹೋದೆ. ಸಂಜೆ ಮೈ ಬಿಸಿ ಆಗುತ್ತಿತ್ತು, ಅಂಗಿ ಸಡಿಲ ಆಗುತ್ತಿತ್ತು. ಕೆಲಸದ ದಣಿವು ಅಂದುಕೊಂಡೆವು. ಒಂದು ದಿನ ಊರಿನ ಆಶಾ ಕಾರ್ಯಕರ್ತೆ ಬೇರೆ ಯಾವುದಕ್ಕೋ ಮನೆಗೆ ಬಂದವರು ಜಗಲಿಯಲ್ಲಿ ಕೂತು ಕೆಮ್ಮು ಕೇಳಿ "ಎಷ್ಟು ದಿನದಿಂದ ಅಣ್ಣಾ?" ಅಂದರು. ಲೆಕ್ಕ ಹಾಕಿದರೆ ಐದು ವಾರ! ಮಾರನೇ ದಿನವೇ ಕಫ ಪರೀಕ್ಷೆಗೆ ಕಳಿಸಿದರು. ಟಿಬಿ. ಆರು ತಿಂಗಳು ಸರ್ಕಾರಿ ಆಸ್ಪತ್ರೆಯ ಮಾತ್ರೆ, ಒಂದು ರೂಪಾಯಿ ಖರ್ಚಿಲ್ಲ, ಪೂರ್ತಿ ಗುಣ ಆದರು. ಕಷಾಯದ್ದು ಏನೂ ತಪ್ಪಿಲ್ಲ, ನಾವು ದಿನ ಎಣಿಸಲಿಲ್ಲ.

ನೆಗಡಿಯ ಕೆಮ್ಮು ಎರಡು ಮೂರು ವಾರ ಎಳೆಯುವುದು ಉಂಟು, ಆದರೆ ದಿನದಿನಕ್ಕೆ ತಗ್ಗುತ್ತಾ ಬರಬೇಕು. ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಿಬಿಡಿ. ಕಫದಲ್ಲಿ ರಕ್ತ, ಎದೆ ಕುತ್ತುವುದು, ಏದುಸಿರು ಇದ್ದರೆ ಎರಡು ವಾರ ಕಾಯುವುದೂ ಬೇಡ. ಒಂದರಿಂದ ಐದು ವರ್ಷದ ಮಗು ಸುಮ್ಮನೆ ಮಲಗಿರುವಾಗ ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ, 40 ಅಥವಾ ಅದಕ್ಕಿಂತ ಜಾಸ್ತಿ ಆದರೆ ಅದು ನ್ಯುಮೋನಿಯಾ ಇರಬಹುದು. ಕೂಸಿಗೆ, ಅಂದರೆ ಎರಡು ತಿಂಗಳಿಂದ ಒಂದು ವರ್ಷದೊಳಗೆ, ಈ ಲೆಕ್ಕ 50. ಇನ್ನು ನಮ್ಮ ಜಿಲ್ಲೆಯವರಿಗೆ ಮಾತ್ರ ಹೇಳುವುದು: ಡಿಸೆಂಬರಿನಿಂದ ಮೇ ತನಕ ಕಾಡಂಚಿನವರಿಗೆ ಜೋರು ಜ್ವರ, ಮೈಕೈ ನೋವು ಬಂದರೆ ಕಷಾಯ ಕುಡಿಯುತ್ತಾ ಕೂರಬೇಡಿ, ಮಂಗನ ಕಾಯಿಲೆಯ ಪರೀಕ್ಷೆ ಆಗಬೇಕು. 1957ರಲ್ಲಿ ಅದು ಮೊದಲು ಕಂಡದ್ದೇ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ.

ಅಪ್ಪಯ್ಯನ ಆ ವರ್ಷದಿಂದ ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಮ್ಮು ಶುರುವಾದ ದಿನಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತೇನೆ, ಯಾರದ್ದು ಅಂತ ಪಕ್ಕದಲ್ಲಿ ಒಂದು ಅಕ್ಷರ. ಇವತ್ತಿಗೆ ಮಗನದ್ದು ಆರು ದಿನ, ನನ್ನದು ನಾಲ್ಕು, ಅತ್ತೆಯದ್ದು ಮೂರು. ಮಗನ ಬೆನ್ನಿಗೆ ಕೈ ಇಟ್ಟು ನೋಡಿದೆ, ನಿನ್ನೆಗಿಂತ ಗೊರಗೊರ ಕಮ್ಮಿ ಇದೆ. ಮಳೆ ಒಂದು ಚೂರು ಬಿಟ್ಟಿದೆ, ದೊಡ್ಡಪತ್ರೆ ಕೊಯ್ದುಕೊಂಡು ಬರುತ್ತೇನೆ.