ಮೊದಲ ಜಿಂಕೆ ದಾಟಿದ ಮೇಲೆ

ಮೈಸೂರಿನ ಟ್ರಾವೆಲ್ಸ್ ಒಂದರಲ್ಲಿ ಹನ್ನೆರಡು ವರ್ಷಗಳಿಂದ ಚಾಲಕನಾಗಿರುವ ನನಗೆ ಎಚ್.ಡಿ. ಕೋಟೆ, ಅಂತರಸಂತೆ, ಬಾವಲಿ ಮಾರ್ಗವಾಗಿ ಮಾನಂದವಾಡಿಗೆ ಹೋಗುವ ಬಾಡಿಗೆ ತಿಂಗಳಿಗೆ ನಾಲ್ಕೈದಾದರೂ ಸಿಗುತ್ತದೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಈ ದಾರಿಯಲ್ಲಿ ನನ್ನ ಗಾಡಿಗೆ ಸಿಕ್ಕಿ ಒಂದು ಜಿಂಕೆಮರಿ ಸತ್ತಿತು. ಹೊಸದಾಗಿ ಕಾಡಿನ ರಸ್ತೆ ಹಿಡಿಯುವ ಚಾಲಕರಿಗಾಗಿ ಅದನ್ನು ಬರೆಯುತ್ತಿದ್ದೇನೆ.

ನಾಗರಹೊಳೆ ಕಾಡನ್ನು ಹಾಯುವ ಈ ರಸ್ತೆಯಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಸಂಚಾರವಿಲ್ಲ. ಹೀಗಾಗಿ ಬೆಳಗಿನ ಜಾವ ಚೆಕ್‌ಪೋಸ್ಟಿನಲ್ಲಿ ಸಾಲುಗಟ್ಟಿದ ಗಾಡಿಗಳು ಗೇಟು ತೆಗೆದ ಕೂಡಲೇ ಒಂದರ ಹಿಂದೊಂದು ಧಾವಿಸುತ್ತವೆ. ಜಿಂಕೆಗಳು ಮೇಯುವ ಹೊತ್ತೂ ಅದೇ. ರಸ್ತೆಯ ಎರಡೂ ಬದಿ ಪೊದೆ ಸವರಿ ಬಯಲು ಮಾಡಿರುವುದರಿಂದ ಬೇಸಿಗೆಯ ಒಂದೆರಡು ಮಳೆ ಬಿದ್ದರೆ ಸಾಕು, ಅಲ್ಲಿ ಎಳೆಹುಲ್ಲು ಚಿಗುರುತ್ತದೆ, ಹಿಂಡು ಅಂಚಿಗೇ ಬಂದು ನಿಲ್ಲುತ್ತದೆ.

ಅಂಥದೊಂದು ಬೆಳಿಗ್ಗೆ, ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದಾಗ, ಎಡಗಡೆಯ ಲಂಟಾನ ಪೊದೆಯಿಂದ ಹೆಣ್ಣು ಜಿಂಕೆಯೊಂದು ಬಂದು ದಾಟಿತು. ನಾನು ವೇಗ ತಗ್ಗಿಸಲಿಲ್ಲ. ಅದು ಬಲಗಡೆಯ ಹುಲ್ಲಿಗೆ ಇಳಿದದ್ದನ್ನು ನೋಡಿ ನೆಮ್ಮದಿಯಾಗಿ ಮುಂದೆ ಹೋದೆ. ಅದೇ ಪೊದೆಯಿಂದ ಮರಿ ಬಂದದ್ದು ಆಗ. ಆ ವೇಗದಲ್ಲಿ ಒಂದೇ ಸೆಕೆಂಡಿಗೆ ಗಾಡಿ ಸುಮಾರು 17 ಮೀಟರ್ ಓಡಿರುತ್ತದೆ, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಂಪರಿನ ಸಂದಿಯಲ್ಲಿ ಕಂದುಬಣ್ಣದ ನಾಲ್ಕು ಕೂದಲು ಸಿಕ್ಕಿಕೊಂಡಿದ್ದವು. ತಾಯಿ ದೂರ ಓಡಿರಲಿಲ್ಲ. ಹುಲ್ಲಿನಲ್ಲಿ ನಿಂತು, ಬಾಲವೆತ್ತಿ, ಮುಂಗಾಲನ್ನು ನೆಲಕ್ಕೆ ಬಡಿಯುತ್ತ ಮತ್ತೆ ಮತ್ತೆ ಕೂಗುತ್ತಿತ್ತು.

ಚೆಕ್‌ಪೋಸ್ಟಿನವರಿಗೆ ತಿಳಿಸಿ, ಹೇಳಿಕೆ ಕೊಟ್ಟು, ಸಂಜೆ ಮೈಸೂರಿಗೆ ಮರಳಿದಾಗ ನಮ್ಮ ಹಿರಿಯ ಚಾಲಕರೊಬ್ಬರು ಎಲ್ಲವನ್ನೂ ಕೇಳಿಸಿಕೊಂಡು, "ದಾಟಿ ಹೋದದ್ದರ ಹಿಂದೆ ಯಾಕಪ್ಪ ಕಣ್ಣು ಕಳಿಸ್ದೆ? ಅದು ಬಂದ ಪೊದೆ ನೋಡ್ಬೇಕಿತ್ತು" ಎಂದರು. ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ, ಅವರು ಅಷ್ಟು ಹೇಳಿ ಸುಮ್ಮನಾದರು.

ಜಿಂಕೆ ಹಿಂಡಿನ ಪ್ರಾಣಿ. ಮುಂದಿನದು ದಾಟಿದರೆ ಹಿಂದಿನವು ಗಾಡಿಯ ದೂರ ಅಳೆಯುವುದಿಲ್ಲ, ಹಿಂಡು ತಪ್ಪೀತೆಂಬ ಗಾಬರಿಗೆ ಹಾರಿಬಿಡುತ್ತವೆ. ಅಂಚಿನಲ್ಲಿ ನಿಂತ ಜಿಂಕೆ ತಲೆಯೆತ್ತಿ ಕಿವಿ ನಿಮಿರಿಸಿದ್ದರೆ ಅದು ಯಾವ ಕಡೆಗಾದರೂ ನೆಗೆಯಬಹುದೆಂದೇ ತಿಳಿಯಬೇಕು. ಆಗ ಹಾರ್ನ್ ಹೊಡೆದರೆ ಬೆದರಿ ರಸ್ತೆಗೇ ನುಗ್ಗುವುದುಂಟು. ನಸುಕಿನಲ್ಲಿ ಹೈಬೀಮ್ ಹಾಕಿದರೆ ಕಣ್ಣು ಕೋರೈಸಿ ನಿಂತಲ್ಲೇ ನಿಂತುಬಿಡುತ್ತದೆ. ಕಣ್ಣುಗಳ ಹೊಳಪು ಕಂಡೊಡನೆ ಡಿಮ್ ಮಾಡಿ ನಿಧಾನಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸ್ಟೇರಿಂಗನ್ನು ಥಟ್ಟನೆ ತಿರುಗಿಸಬಾರದು. ಜಿಂಕೆಯನ್ನು ಉಳಿಸಲು ಹೋಗಿ ಮರಕ್ಕೋ ಎದುರಿನ ಬಸ್ಸಿಗೋ ಗುದ್ದಿದರೆ ಹಿಂದೆ ಕುಳಿತವರ ಪ್ರಾಣಕ್ಕೆ ನಾವೇ ಹೊಣೆ. ನೇರವಾಗಿಯೇ ಬ್ರೇಕ್ ಹಿಡಿಯಬೇಕು, ಅದಕ್ಕೆ ಮೊದಲೇ ವೇಗ ಕಡಿಮೆಯಿರಬೇಕು. ಕಡವೆಯಾದರೆ ಇನ್ನೂ ಕಷ್ಟ: ಮೈಬಣ್ಣ ಕಪ್ಪುಕಂದು, ನೆರಳಿನಲ್ಲಿ ಕಾಣುವುದೇ ಇಲ್ಲ, ಬೆಳೆದ ಗಂಡು 200 ಕೆ.ಜಿ. ದಾಟುತ್ತದೆ.

ಈಗ ನಾನು ಗೇಟು ತೆರೆದಾಗ ಅವಸರದವರನ್ನೆಲ್ಲ ಮುಂದೆ ಬಿಡುತ್ತೇನೆ. ಹಾಡು ನಿಲ್ಲಿಸಿ, ಕಾಡು ಮುಗಿಯುವವರೆಗೆ 30ರಲ್ಲಿ ಹೋಗುವುದಾಗಿ ಪ್ರಯಾಣಿಕರಿಗೆ ಮೊದಲೇ ತಿಳಿಸುತ್ತೇನೆ. ಜಿಂಕೆ ದಾಟಿದರೆ, ಅದು ಬಂದ ಕಡೆಯ ಹುಲ್ಲು ಅಲುಗಾಡುವುದು ನಿಲ್ಲುವವರೆಗೆ ನನ್ನ ಕಾಲು ಬ್ರೇಕಿನ ಮೇಲೆಯೇ ಇರುತ್ತದೆ.