ಕನ್ನಡದ ಚೆಕ್ ವಾಪಸ್ ಕೊಟ್ಟ ದಿನ

ತಿಂಗಳ ಮೊದಲ ವಾರ, ಬೆಳಿಗ್ಗೆ ಹನ್ನೊಂದೂವರೆ. ನಮ್ಮ ಬ್ಯಾಂಕಿನಲ್ಲಿ ಪೆನ್ಷನ್‌ನವರ ಸಾಲು ಬಾಗಿಲು ದಾಟಿತ್ತು. ಸಿಸ್ಟಮ್ ಬೇರೆ ನಿಧಾನ. ಆಗ ನಿವೃತ್ತ ಮೇಷ್ಟ್ರೊಬ್ಬರು ಚೆಕ್ ಕೊಟ್ಟರು. ದುಂಡಗಿನ ಅಕ್ಷರ, 'ಹದಿನೆಂಟು ಸಾವಿರ ರೂಪಾಯಿ ಮಾತ್ರ'. ಪಕ್ಕದ ಚೌಕದಲ್ಲಿ ೧೮,೦೦೦. ಸಹಿಯೂ ಕನ್ನಡದಲ್ಲೇ.

"ಮೇಷ್ಟ್ರೇ, ಇದು ಆಗಲ್ಲ. ಇಂಗ್ಲಿಷಲ್ಲಿ ಬೇರೆ ಬರ್ಕೊಂಡು ಬನ್ನಿ" ಅಂದೆ. ಒಂದು ಕ್ಷಣವೂ ಯೋಚಿಸಲಿಲ್ಲ.

ಅವರು ಜಗಳಕ್ಕೆ ಬರಲಿಲ್ಲ. "ಯಾವ ರೂಲು ಸರ್? ತೋರಿಸಿದ್ರೆ ನೋಡ್ಕೊಂಡು ಹೋಗ್ತೀನಿ" ಅಂದು ಪಕ್ಕಕ್ಕೆ ಸರಿದು ನಿಂತರು.

ತೋರಿಸೋಣ ಅಂತಲೇ ಪೋರ್ಟಲ್ ತೆರೆದೆ. ಒಂದೊಂದೇ ವೋಚರ್ ಪಾಸ್ ಮಾಡುತ್ತಾ ಸರ್ಕ್ಯುಲರ್ ಹುಡುಕಿದೆ. ಹತ್ತು ನಿಮಿಷ ಆಗಿರಬೇಕು. ಅವರು ಗೋಡೆಗೆ ಒರಗದೆ ನಿಂತೇ ಇದ್ದರು, ಚೆಕ್ ಎರಡು ಬೆರಳಲ್ಲಿ ಹಿಡಿದುಕೊಂಡು. ಕೊನೆಗೆ ರಿಸರ್ವ್ ಬ್ಯಾಂಕಿನ ಸೂಚನೆ ಸಿಕ್ಕಿತು. ಚೆಕ್ ಹಾಳೆ ಹಿಂದಿ, ಇಂಗ್ಲಿಷ್‌ನಲ್ಲಿ ಅಚ್ಚಾಗಿರಬೇಕು. ಆದರೆ ಗ್ರಾಹಕರು ಅದನ್ನು ಹಿಂದಿ, ಇಂಗ್ಲಿಷ್ ಅಥವಾ ಆಯಾ ಪ್ರದೇಶದ ಭಾಷೆಯಲ್ಲಿ ತುಂಬಬಹುದು. ನನ್ನ ಕಿವಿ ಬಿಸಿಯಾಯಿತು. ಅಂಕಿಗೂ ಅಕ್ಷರಕ್ಕೂ ವ್ಯತ್ಯಾಸ ಬಂದರೆ ಅಕ್ಷರದಲ್ಲಿ ಬರೆದ ಮೊತ್ತವೇ ಸರಿ ಅಂತ ಚೆಕ್ಕುಗಳಿಗೆ ಸಂಬಂಧಿಸಿದ 1881ರ ಕಾಯ್ದೆಯ 18ನೇ ಸೆಕ್ಷನ್ ಹೇಳುತ್ತದೆ. ಅದನ್ನು ಜೆಎಐಐಬಿ ಅನ್ನುವ ಬ್ಯಾಂಕ್ ನೌಕರರ ಪರೀಕ್ಷೆಗೆ ಉರು ಹೊಡೆದಿದ್ದೆ. ಆ ಅಕ್ಷರ ಕನ್ನಡದ್ದೂ ಆಗಬಹುದು ಅಂತ ಹೊಳೆದೇ ಇರಲಿಲ್ಲ.

ಯಾಕೆ ಹೊಳೆಯಲಿಲ್ಲ ಅಂತ ಆಮೇಲೆ ತುಂಬಾ ಯೋಚಿಸಿದ್ದೇನೆ. ಮೂರು ತಿಂಗಳಿಗೊಮ್ಮೆ ನಾವು ರಾಜಭಾಷಾ ವರದಿ ಕಳಿಸುತ್ತೇವೆ. ಹಿಂದಿಯಲ್ಲಿ ಎಷ್ಟು ಪತ್ರ ಹೋಯಿತು, ಎಷ್ಟು ಬಂತು, ಎಲ್ಲ ಲೆಕ್ಕ. 1976ರ ರಾಜಭಾಷಾ ನಿಯಮದಲ್ಲಿ ಕರ್ನಾಟಕ 'ಗ' ವಲಯದಲ್ಲಿದೆ, ಅಂದರೆ ಹಿಂದಿಯೇತರ ರಾಜ್ಯಗಳ ಗುಂಪಿನಲ್ಲಿ. ಸಂವಿಧಾನದ 343ನೇ ವಿಧಿ ಕೇಂದ್ರದ ಆಡಳಿತಕ್ಕೆ ಹಿಂದಿ ಅಂದಿತು. 345ನೇ ವಿಧಿ ರಾಜ್ಯಗಳಿಗೆ ತಮ್ಮ ಭಾಷೆ ಆರಿಸಿಕೊಳ್ಳಲು ಬಿಟ್ಟಿತು, ನಮ್ಮಲ್ಲಿ 1963ರಲ್ಲಿ ಕನ್ನಡಕ್ಕೆ ಕಾಯ್ದೆಯೂ ಬಂತು. ಆದರೆ ಬ್ಯಾಂಕು ಕೇಂದ್ರದ್ದು, ಗ್ರಾಹಕ ಇಲ್ಲಿಯವನು. ಕನ್ನಡದಲ್ಲಿ ಎಷ್ಟು ಚೆಕ್ ಪಾಸ್ ಮಾಡಿದಿರಿ ಅಂತ ಹದಿನಾಲ್ಕು ವರ್ಷದಲ್ಲಿ ಮೇಲಿನವರು ಒಮ್ಮೆಯೂ ಕೇಳಿಲ್ಲ. ಅವರು ಕೇಳದ್ದಕ್ಕೆ ಅವಕಾಶವೇ ಇಲ್ಲ ಅಂದುಕೊಂಡುಬಿಟ್ಟಿದ್ದೆ. ಆ ತಪ್ಪು ನನ್ನದು. ಮನೆಯಲ್ಲಿ ಕನ್ನಡ ಮಾತಾಡುವವನು ಸೀಟಲ್ಲಿ ಕೂತು ಕನ್ನಡ ಆಗಲ್ಲ ಅಂದೆ.

ಎದ್ದು ಹೋಗಿ ಕ್ಷಮೆ ಕೇಳಿ, ಚೆಕ್ ಇಸ್ಕೊಂಡು ಪಾಸ್ ಮಾಡಿದೆ.

ಈಗ ಹೊರ ರಾಜ್ಯದಿಂದ ಹೊಸ ಆಫೀಸರ್ ಬಂದರೆ ಕನ್ನಡದ ಅಂಕಿ, ಸಂಖ್ಯೆಗಳ ಹೆಸರು ಬರೆದ ಹಾಳೆಯೊಂದನ್ನು ಅವರ ಟೇಬಲ್ ಗಾಜಿನ ಕೆಳಗೆ ಇಡುತ್ತೇನೆ. ೬, ೯ ಎರಡನ್ನೂ ದೊಡ್ಡದಾಗಿ ಬರೆದಿದ್ದೇನೆ, ಗೊಂದಲ ಆಗುವುದು ಅಲ್ಲೇ ಜಾಸ್ತಿ.

ಮೇಷ್ಟ್ರು ಪ್ರತಿ ತಿಂಗಳೂ ಬರುತ್ತಾರೆ. ಚೆಕ್ ಕೊಡುವ ಮೊದಲು ಈಗಲೂ ಒಂದು ಗಳಿಗೆ ನನ್ನ ಮುಖ ನೋಡುತ್ತಾರೆ.